ಗುರಿ ತಪ್ಪಿದವರ ಗೋಡೆ

ಡೆಟ್ರಾಯಿಟ್
9 ಸೆಪ್ಟೆಂಬರ್ 1962

ಅಕ್ಕ,

ಕೈಬರಹ ನೋಡಿದ ಕೂಡಲೇ ಇದನ್ನು ಒಲೆಗೆ ಹಾಕಬೇಡ. ಎಂಟು ವರ್ಷದಲ್ಲಿ ಆರು ಕಾಗದ ಬರೆದೆ, ಒಂದಕ್ಕೂ ನೀನು ಉತ್ತರ ಕೊಡಲಿಲ್ಲ. ಇದು ಏಳನೆಯದು. ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ.

ಕಳೆದ ಭಾನುವಾರ ಇಲ್ಲಿ ನಮ್ಮ ಫಿನ್‌ಲ್ಯಾಂಡಿನವರ ಸಭಾಭವನದಲ್ಲಿ ನಮ್ಮೂರು ಪೆಲ್ಟೊಲಾ ಕಡೆಯವನೊಬ್ಬ ಸಿಕ್ಕಿದ. "ನಿಮ್ಮಪ್ಪಂಗೆ ಈಗ ಬೆಳಕು ಯಾವ್ದು ಕತ್ಲೆ ಯಾವ್ದು ಅನ್ನೋದಷ್ಟೇ ಗೊತ್ತಾಗೋದು ಕಣಯ್ಯಾ. ಕಾಲು ಬೇರೆ ಊದ್ಕೊಂಡಿದೆ. ಹೋಗಿ ನೋಡ್ಕೊಂಡು ಬರೋದಲ್ವಾ, ಏನು ಕಾಯ್ತಾ ಕೂತಿದೀಯಾ?" ಅಂದ. ಏನು ಕಾಯುತ್ತಿದ್ದೇನೆ ಅಂತ ಅವನಿಗೆ ಹೇಗೆ ಹೇಳಲಿ? ಕಾಫಿ ಲೋಟ ಹಿಡಿದುಕೊಂಡೇ ಆಚೆ ಬಂದುಬಿಟ್ಟೆ.

ಕಾರ್ಖಾನೆಯಲ್ಲಿ ನವೆಂಬರಿಗೆ ಒಂದು ವಾರ ರಜೆ ಸಿಗುತ್ತದೆ. ಹಳೇ ಕಾರೊಂದು ತಗೊಂಡಿದ್ದೇನೆ. ಹಿಂದಿನ ಯಜಮಾನ ಅದರಲ್ಲಿ ನಾಯಿಗಳನ್ನು ಸಾಗಿಸುತ್ತಿದ್ದನಂತೆ, ಬಿಸಿಲಿಗೆ ನಿಲ್ಲಿಸಿದರೆ ಇನ್ನೂ ನಾಯಿಗೂಡಿನ ವಾಸನೆ. ಎಂಜಿನ್ ಮಾತ್ರ ಗಟ್ಟಿ. ಐನೂರೈವತ್ತು ಮೈಲಿ ಎಳೆಯುತ್ತದೆ.

ಜಿಂಕೆ ಬೇಟೆಯ ಸೀಸನ್ನು ಶುರುವಾಗುವ ಹದಿನೈದನೇ ತಾರೀಖಿಗೆ ಮೊದಲು ಬರಬೇಕು ಅಂತ ಆಸೆ. ಸೇತುವೆ ಇಲ್ಲದ ಕಾಲದಲ್ಲಿ ನಾನು ಬರುತ್ತಿದ್ದದ್ದು ನೆನಪಿದೆಯಾ? ಜಲಸಂಧಿ ದಾಟಿಸುವ ಹಡಗಿಗಾಗಿ ಮೈಲಿಗಟ್ಟಲೆ ಕಾರುಗಳ ಸಾಲು. ಹೆಂಗಸರು ಕಿಟಕಿ ಕಿಟಕಿಗೂ ಬಂದು ಬಿಸಿ ಮಾಂಸದ ಕಡುಬು ಮಾರೋರು. ಇಡೀ ದಿನ ಕಾದು ದಾಟಿದರೆ, ಅಲ್ಲಿ ಅಮ್ಮ ಮನೆಯ ಬಿಳಿ ಕರವಸ್ತ್ರಗಳನ್ನೆಲ್ಲ ಬೀಟ್‌ರೂಟ್ ನೀರಿನಲ್ಲಿ ಅದ್ದಿ ಕೆಂಪು ಮಾಡಿ ತಂತಿಗೆ ಒಣಹಾಕಿರೋಳು, ಬೇಟೆಗೆ ಹೋಗುವ ಗಂಡಸರಿಗಾಗಿ, ಕಾಡಿನಲ್ಲಿ ಮನುಷ್ಯರು ಅಂತ ದೂರಕ್ಕೇ ತಿಳಿಯಲಿ ಅಂತ. ಅಮ್ಮ ಹೋದ ಮೇಲೆ ನೀನು ಅದನ್ನು ಮುಂದುವರಿಸಿದೆ. ತಿರುವಿನಲ್ಲಿ ಆ ಕೆಂಪು ಕಂಡರೆ ಮನೆ ಬಂತು ಅಂತ ಲೆಕ್ಕ. ಸೇತುವೆಯಾಗಿ ಐದು ವರ್ಷವಾಯಿತು, ನಾನಿನ್ನೂ ಒಂದು ಸಲವೂ ದಾಟಿಲ್ಲ.

ಇರೆನಾಳನ್ನು ಮದುವೆಯಾಗಿ ಆರು ವರ್ಷ. "ನಿಂಗೆ ಅಕ್ಕ ಇರೋದು ಫೋಟೋದಲ್ಲಿ ಮಾತ್ರ" ಅಂತ ಹಂಗಿಸುತ್ತಾಳೆ. ಅಪ್ಪನನ್ನು ನೋಡಬೇಕು ಅಕ್ಕ. ಬರಲಾ?

ಸುಲೊ


ಪೆಲ್ಟೊಲಾ
23 ಸೆಪ್ಟೆಂಬರ್ 1962

ಸುಲೊಗೆ,

ಕಾಗದ ಒಲೆಗೆ ಹಾಕಲಿಲ್ಲ, ಒಲೆ ಆರಿತ್ತು.

ಹಡಗು, ಕಡುಬು, ಅಮ್ಮನ ಕರವಸ್ತ್ರ ಎಲ್ಲ ಬರೆದಿದ್ದೀಯ. ಬರೆಯಬೇಕಾದದ್ದೊಂದನ್ನು ಬಿಟ್ಟು. ನಿನಗೆ ಮರೆತಿದ್ದರೆ ನಾನೇ ನೆನಪಿಸುತ್ತೇನೆ. ನವೆಂಬರ್ 15, 1954, ಸೋಮವಾರ. ಅಪ್ಪ, ನನ್ನ ಗಂಡ ವಿಲ್ಹೊ, ನೀನು, ಮೂವರೇ ಬೇಟೆಮನೆಯಲ್ಲಿದ್ದಿರಿ. ಅಪ್ಪನ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. "ಅಪ್ಪಂಗೆ ಒಂದು ಗುಂಡೂ ಕೊಡಬೇಡ, ಅಡುಗೆ ಮಾಡ್ಕೊಂಡು ಒಳಗಿರ್ಲಿ" ಅಂತ ನಿನ್ನ ಕೈ ಹಿಡಿದು ಮಾತು ತೆಗೆದುಕೊಂಡಿದ್ದೆ. ನಾನು ಹೆದರಿದ್ದು ಅಪ್ಪನ ಕೋವಿಗೆ. ಹಾರಿದ್ದು ನಿನ್ನ ಕೋವಿ.

ಮರ ಕಡಿಯುವವನಿಗೆ ಮೊಣಕಾಲ ಕೆಳಗೆ ಏನೂ ಇಲ್ಲ ಅಂದರೆ ಏನರ್ಥ ಅಂತ ಕಾರ್ಖಾನೆಯಲ್ಲಿ ಕೂತವನಿಗೆ ತಿಳಿಯದು. ವಿಲ್ಹೊ ಈಗ ಸಹಕಾರಿ ಅಂಗಡಿಯಲ್ಲಿ ಗರಗಸಕ್ಕೆ ಹಲ್ಲು ಹಾಕಿಕೊಂಡು ಕೂತಿರುತ್ತಾನೆ. ನಿನ್ನ ಹೆಸರೆತ್ತಿದರೆ ಬಾಯಿಗಿಟ್ಟ ತುತ್ತನ್ನೂ ಬಿಟ್ಟು ಎದ್ದು, ಮರದ ಕಾಲು ಟಕಟಕ ಅನ್ನಿಸುತ್ತಾ ಕೊಟ್ಟಿಗೆಗೆ ಹೋಗುತ್ತಾನೆ. ಅಷ್ಟು ಸಿಟ್ಟು ಅವನಿಗೆ. ಆಸ್ಪತ್ರೆಯಲ್ಲಿ ಎರಡು ದಿನ ಗೋಡೆಗೆ ಒರಗಿ ನಿಂತಿದ್ದು, ಮೂರನೇ ದಿನ ಹೊರಟೇಹೋದೆಯಲ್ಲ, ಯಾವ ಬಾಯಲ್ಲಿ ಈಗ "ಬರಲಾ" ಅಂತ ಕೇಳುತ್ತೀಯ?

ಅಪ್ಪ ಇದ್ದಾನೆ. ಸೌನಾದ, ಆ ಉಗಿಸ್ನಾನದ ಮನೆಯ ಜಗಲಿಯಲ್ಲಿ ಕೂತಿರುತ್ತಾನೆ, ಅದೇ ಹಳೇ ಬೂದು ಉಣ್ಣೆ ಅಂಗಿ. ಎಂದೋ ಸೌನಾ ಒಲೆಗೆ ತಾಗಿ ಹಿಂಭಾಗ ಸುಟ್ಟುಹೋಯಿತು ಅಂತ ತಂದುಕೊಟ್ಟಿದ್ದ, ಹಿಟ್ಟಿನ ಚೀಲದ ಬಟ್ಟೆ ಹಚ್ಚಿ ಹೊಲಿದೆ. ಹೊಸದು ತಂದರೆ "ಪೆಟ್ಟಿಗೇಲಿಡು" ಅನ್ನುತ್ತಾನೆ. ಮಾತು ಕಡಿಮೆ.

ಬೇಟೆಮನೆಯ ಗೋಡೆ ನಿನಗೆ ನೆನಪಿರಬೇಕು. ಗುರಿ ತಪ್ಪಿದವನ ಅಂಗಿಯ ಬಾಲ, ಅಂದರೆ ಹಿಂದಿನ ಕೆಳಅಂಚು ಕತ್ತರಿಸಿ, ಹೆಸರು ತಾರೀಖು ಬರೆದು ಅಲ್ಲಿ ಮೊಳೆ ಹೊಡೆಯುವುದು ನಮ್ಮಲ್ಲಿ ಅಜ್ಜನ ಕಾಲದ ಕಟ್ಟಳೆ. ಅಪ್ಪನದು ಏಳಿವೆ, ವಿಲ್ಹೊನದು ನಾಲ್ಕು. ನಿನ್ನದು ಒಂದೂ ಇಲ್ಲ ಅಂತ ಎಷ್ಟು ಜಂಭ ನಿನಗೆ! ಆವತ್ತು ನಿನ್ನದನ್ನು ಕತ್ತರಿಸಬೇಕಿತ್ತು. ಯಾರಿಗಿತ್ತು ಆ ಮನಸ್ಸು?

ಬರಬೇಕಾದರೆ ಮೊದಲು ನಡೆದದ್ದನ್ನು ನಿನ್ನ ಕೈಯಾರೆ ಬರೆ.

ಹಿಲ್ಯಾ


ಡೆಟ್ರಾಯಿಟ್
7 ಅಕ್ಟೋಬರ್ 1962

ಅಕ್ಕ,

ಬರೆ ಅಂದೆ. ಬರೆದು ಹರಿದು, ಬರೆದು ಹರಿದು ಎರಡು ವಾರವಾಯಿತು.

ಮಂಜು ಬಿದ್ದಿತ್ತು. ಹತ್ತು ಮಾರು ಆಚೆ ಇರುವ ಮರ ಕಾಣುತ್ತಿರಲಿಲ್ಲ. ಭಾವ ಹಳ್ಳದ ಆಚೆ ಬದಿಯಲ್ಲಿ ಇರುತ್ತೇನೆ ಅಂದಿದ್ದರು, ಈಚೆಗೆ ಬಂದರು. ತಪ್ಪು ನನ್ನದು. ಆ ದಿನ ಹೇಳಿದ್ದನ್ನೇ ಇವತ್ತೂ ಹೇಳುತ್ತೇನೆ, ತಪ್ಪು ನನ್ನದು. ಭಾವನ ಕಾಲು ನನ್ನಿಂದ ಹೋಯಿತು. ಇದಕ್ಕಿಂತ ಹೆಚ್ಚಿಗೆ ನನ್ನನ್ನು ಕೇಳಬೇಡ. ಕೇಳಿದರೆ ಅಪ್ಪನನ್ನು ನೋಡದೆಯೇ ಇರಬೇಕಾಗುತ್ತದೆ, ಅದೊಂದು ನನ್ನಿಂದ ಆಗದು.

ಮನೆಯೊಳಗೆ ಬರುವುದಿಲ್ಲ. ಬೇಟೆಮನೆಯಲ್ಲಿ ಮಲಗುತ್ತೇನೆ. ಅಪ್ಪನ ಹತ್ತಿರ ಒಂದು ಗಂಟೆ ಕೂತು ಹೊರಡುತ್ತೇನೆ.

ಸುಲೊ


ಪೆಲ್ಟೊಲಾ
28 ಅಕ್ಟೋಬರ್ 1962

ಸುಲೊಗೆ,

ಇದೂ ಒಂದು ಕ್ಷಮೆ ಕೇಳುವ ರೀತಿ! ಸತ್ತ ಬೆಕ್ಕನ್ನು ಚಾಪೆ ಕೆಳಗೆ ತಳ್ಳಿದ ಹಾಗೆ.

ಆದರೂ ಬಾ. ನನಗಾಗಿ ಅಲ್ಲ, ಅಪ್ಪನಿಗಾಗಿ. ಕೋವಿ ತರಕೂಡದು. ನವೆಂಬರ್ ಹದಿನಾಲ್ಕಕ್ಕೆ ವಿಲ್ಹೊ ದಿನವೆಲ್ಲ ಅಂಗಡಿಯಲ್ಲಿರುತ್ತಾನೆ. ಸೌನಾ ಜಗಲಿಯಲ್ಲಿ ಅಪ್ಪನನ್ನು ಕೂರಿಸಿರುತ್ತೇನೆ. ನನ್ನ ಮೇಜಿನಲ್ಲಿ ನಿನಗೆ ತಟ್ಟೆ ಇರುವುದಿಲ್ಲ.

ಹಿಲ್ಯಾ


ಡೆಟ್ರಾಯಿಟ್
20 ನವೆಂಬರ್ 1962

ಅಕ್ಕ,

ಜಗಲಿಯ ಮೇಲೆ ಬಟ್ಟೆ ಮುಚ್ಚಿಟ್ಟಿದ್ದ ಏಲಕ್ಕಿ ಬ್ರೆಡ್ಡು ಮತ್ತು ಕಾಫಿ ಪಾತ್ರೆ ನೋಡಿದೆ. ಮೇಜಿನಲ್ಲಿ ತಟ್ಟೆಯಿಲ್ಲ ಅಂದವಳು ಜಗಲಿಗೆ ಇಟ್ಟಿದ್ದೆ. ಅಮ್ಮನ ಕೈಯದೇ ರುಚಿ. ಅರ್ಧ ತಿಂದು ಅರ್ಧ ಇರೆನಾಗೆ ಒಯ್ದೆ. ಕಿಟಕಿಯ ಪರದೆ ಎರಡು ಸಲ ಅಲ್ಲಾಡಿತು. ಗಾಳಿ ಇರಲಿಲ್ಲ ಅಂತ ಬರೆದರೆ ಸಿಟ್ಟು ಮಾಡಿಕೊಳ್ಳಬೇಡ.

ಅಪ್ಪ ನನ್ನ ಹೆಜ್ಜೆ ಸದ್ದಿಗೇ ಗುರುತು ಹಿಡಿದ. "ಯಾವ ದಾರೀಲಿ ಬಂದ್ಯೋ?" ಅಂದ.

"ಸೇತುವೆ ಮೇಲೆ ಅಪ್ಪ."

"ಹೆಂಗಿದೆ?"

"ಐದು ಮೈಲಿ ಉದ್ದ. ನಡುವೆ ಬರೀ ಕಬ್ಬಿಣದ ಜಾಲರಿ. ಕೆಳಗೆ ನೀರು ಕಾಣ್ಸುತ್ತೆ, ಎದೆ ಝಲ್ ಅನ್ನುತ್ತೆ."

"ನಂಗೇನು ಭಯ ಇಲ್ಲ ಬಿಡು. ನಂಗೆಲ್ಲಿ ಕಾಣ್ಸುತ್ತೆ?" ಅಂತ ನಕ್ಕ. ನಾನೂ ನಕ್ಕೆ.

ಹೊರಡುವಾಗ ಒಂದು ನಡೆಯಿತು. "ಹತ್ರ ಬಾ, ತಿರುಗಿ ನಿಂತ್ಕೋ" ಅಂದ. ನಿಂತೆ. ಕೋಟಿನ ಕೆಳಗೆ ಕೈ ಹಾಕಿ, ನನ್ನ ಅಂಗಿಯ ಅಂಚನ್ನು ಈ ತುದಿಯಿಂದ ಆ ತುದಿಯವರೆಗೆ ಬೆರಳಲ್ಲಿ ಸವರಿ ನೋಡಿದ. "ಪೂರಾ ಇದೆ" ಅಂದ. ಆಮೇಲೆ ಅತ್ತುಬಿಟ್ಟ. ಅಪ್ಪ ಅತ್ತಿದ್ದನ್ನು ಅಮ್ಮ ಸತ್ತಾಗಲೂ ನಾನು ನೋಡಿರಲಿಲ್ಲ. ವಯಸ್ಸಾಯಿತಲ್ಲ, ಮನಸ್ಸು ಮೆತ್ತಗಾಗಿದೆ ಅಂತ ಅಂದುಕೊಂಡೆ.

ಮರುದಿನ ವಾಪಸು ಬರುವಾಗ ಸೇತುವೆಯ ಮೇಲೆ ನನ್ನ ಮುಂದಿನ ಕಾರುಗಳಿಗೆಲ್ಲ ಜಿಂಕೆ ಕಟ್ಟಿತ್ತು. ನನ್ನ ಕಾರಿನಲ್ಲಿ ಅರ್ಧ ಬ್ರೆಡ್ಡು. ಕಾವಲಿನವನು ಬಗ್ಗಿ ನೋಡಿ "ಈ ಸಲ ಏನೂ ಸಿಗಲಿಲ್ವೇ ಯಜಮಾನ್ರೇ?" ಅಂದ. ಸಿಕ್ಕಿತು ಅಂದೆ.

ಸುಲೊ


ಪೆಲ್ಟೊಲಾ
12 ಫೆಬ್ರವರಿ 1963

ಸುಲೊ,

ತಂತಿ ಕೊಟ್ಟು ಒಂಬತ್ತು ದಿನವಾಯಿತು. ನೀನು ಬರಲಿಲ್ಲ.

ಅಪ್ಪ ಮೂರನೇ ತಾರೀಖು ಬೆಳಗ್ಗೆ ಹೋದ. ಹಿಂದಿನ ದಿನ ಸೌನಾ ಕಾಯಿಸು ಅಂದ, ಕಾಯಿಸಿದೆ. ಬೆನ್ನು ಉಜ್ಜಿಸಿಕೊಂಡು ಮಲಗಿದವನು ಏಳಲಿಲ್ಲ. ಇಲ್ಲಿ ನೆಲ ಕಲ್ಲಾಗಿದೆ, ಹಾರೆ ಇಳಿಯದು. ಶವಪೆಟ್ಟಿಗೆಯನ್ನು ಚರ್ಚಿನ ಹಿಂದಿನ ಕಲ್ಲುಮನೆಯಲ್ಲಿ ಇಟ್ಟಿದ್ದಾರೆ, ಹಿಮ ಕರಗಿದ ಮೇಲೆ ಮಣ್ಣು. ಅಲ್ಲಿಯವರೆಗೆ ಹೊತ್ತವರು ನಾಲ್ವರೂ ನೆರೆಯವರು. ಮಗನೊಬ್ಬ ಇದ್ದೂ ತಂದೆಗೆ ಹೆಗಲು ಕೊಡಲಿಲ್ಲ ಅಂತ ಪೆಲ್ಟೊಲಾದ ನಾಯಿಗಳೂ ಮಾತಾಡಿಕೊಂಡವು. ಮರದ ಕಾಲಿನ ಅಳಿಯ ಹಿಮದಲ್ಲಿ ಎರಡು ಸಲ ಬಿದ್ದು ಎದ್ದು ಹಿಂದೆ ಬಂದ.

ಇನ್ನು ನಮ್ಮ ನಡುವೆ ಉಳಿದದ್ದೇನೂ ಇಲ್ಲ.

ಹಿಲ್ಯಾ


ಡೆಟ್ರಾಯಿಟ್
3 ಮಾರ್ಚ್ 1963

ಅಕ್ಕ,

ತಂತಿ ಬಂದ ಗಂಟೆಗೇ ಹೊರಟೆವು, ಇರೆನಾನೂ ಬಂದಳು. ಗಾಳಿಗೆ ಸೇತುವೆ ಮುಚ್ಚಿಬಿಟ್ಟಿದ್ದರು. ಎರಡು ದಿನ ಕಾರಿನಲ್ಲೇ ಕಾದೆವು. ಆಚೆ ದಡ ಕಣ್ಣಿಗೆ ಕಾಣುತ್ತಿತ್ತು. ತೆರೆದಾಗ ಚರ್ಚಿನಲ್ಲಿ ಅಪ್ಪನ ಪ್ರಾರ್ಥನೆಯ ಹೊತ್ತು ಮುಗಿದು ಹೋಗಿತ್ತು, ತಡವಾಗಿ ನಿನ್ನ ಬಾಗಿಲಲ್ಲಿ ನಿಲ್ಲುವ ಧೈರ್ಯ ಬರಲಿಲ್ಲ. ಕಾರು ತಿರುಗಿಸಿದೆ. ಇರೆನಾ ಮನೆ ತಲುಪುವವರೆಗೂ ನನ್ನ ಜೊತೆ ಮಾತಾಡಲಿಲ್ಲ. ಅವಳು ಸರಿ.

ಮಣ್ಣು ಮಾಡುವ ತಾರೀಖು ತಿಳಿಸು. ಹೆಗಲು ಕೊಡುತ್ತೇನೆ. ಇದೊಂದನ್ನು ಇಲ್ಲ ಅನ್ನಬೇಡ.

ಸುಲೊ


ಪೆಲ್ಟೊಲಾ
20 ಅಕ್ಟೋಬರ್ 1963

ಸುಲೊ,

ಅಪ್ಪನನ್ನು ಮೇ ಹನ್ನೊಂದಕ್ಕೆ ಮಣ್ಣು ಮಾಡಿದೆವು. ನಿನಗೆ ತಿಳಿಸಲಿಲ್ಲ. ಮರೆತು ಅಲ್ಲ, ಬೇಕೆಂದೇ. ಇದನ್ನು ಮೊದಲು ಹೇಳಿಬಿಟ್ಟರೆ ಮುಂದಿನದನ್ನು ಬರೆಯಲು ಕೈ ಬರುತ್ತದೆ.

ಹೋದ ವಾರ ಬೇಟೆಮನೆಗೆ ಹೋಗಿದ್ದೆವು. ಚಳಿಗಾಲದ ಹಿಮದ ಭಾರಕ್ಕೆ ಮಾಡು ಕುಸಿದು ಗೋಡೆಯ ಮೇಲೆಲ್ಲ ನೀರು ಇಳಿದಿತ್ತು. ಹಲಗೆ ಬದಲಿಸಬೇಕು ಅಂತ ವಿಲ್ಹೊ ಒಲೆ ಬದಿಯಲ್ಲಿ ಅಳತೆ ತೆಗೆಯುತ್ತಿದ್ದ. ನಾನು ಅಂಗಿಯ ಬಾಲಗಳನ್ನು ಒಂದೊಂದಾಗಿ ಬಿಚ್ಚಿ ಬುಟ್ಟಿಗೆ ಹಾಕುತ್ತಿದ್ದೆ. ಹೈಕ್ಕಿ ಮಾವನ ದೊಡ್ಡ ನೀಲಿ ಬಾಲ ಇದೆಯಲ್ಲ, "ಕಣ್ಣೆದುರೇ ನಿಂತಿತ್ತು, ದೇವರಾಣೆ" ಅಂತ ಬರೆದದ್ದು, ಅದರ ಮೊಳೆ ಕಿತ್ತೆ. ಅದರ ಕೆಳಗೆ ಇನ್ನೊಂದಿತ್ತು.

ಬೂದು ಉಣ್ಣೆ. ಮೂಲೆಯಲ್ಲಿ ಹಸಿರು ದಾರದ ಹೆಣಿಗೆ. ಆ ಹೆಣಿಗೆ ನನ್ನದು ಸುಲೊ. ಬೂದು ದಾರ ಮುಗಿದಿತ್ತು ಅಂತ ಹಸಿರಿನಲ್ಲಿ ಹಾಕಿ ಅಪ್ಪನ ಹತ್ತಿರ ಬೈಸಿಕೊಂಡಿದ್ದೆ. ಅದರ ಮೇಲೆ ಬಡಗಿಯ ಸೀಸದ ಕಡ್ಡಿಯಲ್ಲಿ ಓರೆಕೋರೆಯಾಗಿ, ಕಾಣದವನು ಬರೆದ ಹಾಗೆ, ಅಪ್ಪನ ಹೆಸರು:

ನೆಸ್ಟೋರ್. 15 ನವೆಂಬರ್ 1954. ಜಿಂಕೆಯಲ್ಲ.

ಒಲೆಗೆ ತಾಗಿ ಸುಟ್ಟಿತು ಅಂದಿದ್ದ. ಎಂಟು ವರ್ಷ ಸೋಮವಾರ ಸೋಮವಾರ ಆ ಅಂಗಿ ಒಗೆದಿದ್ದೇನೆ. ಆ ಹಿಟ್ಟಿನ ಚೀಲದ ಅಂಚನ್ನು ನನ್ನ ಕೈಯಿಂದ ಹಿಂಡಿದ್ದೇನೆ. ಸುಟ್ಟ ಬಟ್ಟೆಗೆ ಕರಕಲು ಇರುತ್ತದೆ, ಇದಕ್ಕಿರಲಿಲ್ಲ. ನೋಡಿದೆ, ಕೇಳಲಿಲ್ಲ.

"ಏನ್ ಇದು?" ಅಂತ ವಿಲ್ಹೊ ಮುಂದೆ ಹಿಡಿದೆ. ಅವನು ಹಲಗೆ ಕೆಳಗಿಟ್ಟು, ಅಲ್ಲೇ ಅದರ ಮೇಲೆ ಕೂತ.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಕಣೇ. ಮಂಜು ಒಂದು ಗಳಿಗೆ ಸರೀತು. ಆಚೆ ಮಾವ, ನಿಮ್ಮಪ್ಪ, ಕೋವಿ ಎತ್ತಿ ನಿಂತಿದ್ರು. ಅಯ್ಯೋ ಮುದುಕಪ್ಪ ಎದ್ದು ಬಂದವ್ರಲ್ಲ ಅಂತ ಖುಷಿಯಾಗಿ ಕೈ ಬೀಸ್ದೆ."

"ಆಮೇಲೆ?"

"ಆಮೇಲೇನು. ಸುಲೊ ಓಡಿ ಬಂದ. ನಂಗೆ ಪ್ರಜ್ಞೆ ತಪ್ತಾ ಇತ್ತು, 'ನನ್ನಿಂದ ಆಯ್ತು ಭಾವ, ನನ್ನಿಂದ' ಅಂತ ಅವನು ಅಂದಿದ್ದು ಕೇಳಿಸ್ತು. ಎಚ್ಚರ ಆದಾಗ ಊರೆಲ್ಲ ಅದೇ ಮಾತು. ಮಾವ ಹಾಸಿಗೆ ಪಕ್ಕ ಕೂತು ನನ್ನ ಕೈ ಹಿಡ್ಕೊಂಡಿದ್ರು. ಏನಂತ ಹೇಳ್ಲಿ? ನಿಮ್ಮಪ್ಪ ಇದೇ ಮನೇಲಿ ಇರ್ಬೇಕಾದವ್ರು. ಸುಲೊ ದೂರ ಇರೋನು, ತಡ್ಕೋತಾನೆ ಅಂದ್ಕೊಂಡೆ. ಅವನ ಹೆಸರು ಬಂದ್ರೆ ಅನ್ನ ಗಂಟಲಲ್ಲಿ ಇಳೀತಿರ್ಲಿಲ್ಲ."

ಅದನ್ನು ನಾನು ಸಿಟ್ಟು ಅಂದುಕೊಂಡಿದ್ದೆ. ಹೊತ್ತಹೊತ್ತಿಗೆ ಅವನ ಸಿಟ್ಟಿಗೆ ನನ್ನ ಸಿಟ್ಟೂ ಸೇರಿಸಿ ನಿನ್ನ ಮೇಲೆ ಹಾಕಿದ್ದೆ.

ಮನೆಗೆ ಬಂದು ಬಟ್ಟೆ ಪೆಟ್ಟಿಗೆಯಿಂದ ಅಪ್ಪನ ಅಂಗಿ ತೆಗೆದೆ. ನಾನೇ ಹಾಕಿದ್ದ ಹೊಲಿಗೆ ಬಿಚ್ಚಿ ಹಿಟ್ಟಿನ ಚೀಲದ ಬಟ್ಟೆ ಕಳಚಿದೆ. ಬಾಲವನ್ನು ಅಲ್ಲಿಟ್ಟೆ. ಕತ್ತರಿ ಡೊಂಕಾಗಿ ಹೋದ ಕಡೆಯೂ ಸರಿಯಾಗಿ ಕೂತಿತು.

ನನಗೆ ದುಃಖಕ್ಕಿಂತ ಸಿಟ್ಟೇ ಜಾಸ್ತಿ ಬರುತ್ತಿದೆ. ಮೂರು ಜನ ಗಂಡಸರು ಒಬ್ಬರಿಗೊಬ್ಬರು ಒಂದು ಮಾತೂ ಆಡದೆ ಒಂದೇ ಗುಟ್ಟು ಕಾದಿರಿ. ದ್ವೇಷ ಮಾಡುವ ಕೆಲಸ ಮಾತ್ರ ನನಗೆ ಬಿಟ್ಟಿರಿ. ನಾನದನ್ನು ಅಚ್ಚುಕಟ್ಟಾಗಿ ಮಾಡಿದೆ. ನಿನ್ನ ಹೋದ ವರ್ಷದ ಕಾಗದವನ್ನು ಮತ್ತೆ ಓದಿದೆ. "ತಪ್ಪು ನನ್ನದು" ಅಂತ ಎರಡು ಸಲ ಬರೆದಿದ್ದೀಯ. ಗುಂಡು ಹಾರಿಸಿದೆ ಅಂತ ಎಲ್ಲೂ ಬರೆದಿಲ್ಲ.

ಈಗ ಬರೆ. ಪೂರಾ ಬರೆ. ಅಕ್ಕನಿಗೆ ನೋವಾಗುತ್ತದೆ ಅಂತ ಒಂದು ಎಳೆ ಮುಚ್ಚಿಟ್ಟರೂ ಈ ಮನೆಗೆ ಬರಬೇಡ.

ಹಿಲ್ಯಾ


ಡೆಟ್ರಾಯಿಟ್
27 ಅಕ್ಟೋಬರ್ 1963

ಅಕ್ಕ,

ನಿನ್ನ ಕಾಗದವನ್ನು ಇರೆನಾಗೆ ಓದಿ ಹೇಳಿದೆ. ಅವಳಿಗೂ ಇಷ್ಟು ವರ್ಷ ಹೇಳಿರಲಿಲ್ಲ. "ನಿಮ್ಮ ಮನೆಯವರಿಗೆಲ್ಲ ನಾಲಿಗೆ ಇರೋದು ಕಾಫಿ ಕುಡಿಯೋಕಾ?" ಅಂದಳು.

ಪೂರಾ ಬರೆಯುತ್ತೇನೆ. ಹಿಂದಿನ ಸಂಜೆ ಅಪ್ಪ ನನ್ನನ್ನು ಸೌದೆ ಮನೆಗೆ ಕರೆದ. "ಮಗಾ, ಇದೊಂದೇ ಸೀಸನ್ನು. ಆಮೇಲೆ ಕೋವಿ ಗೋಡೆಗೆ ತೂಗುಹಾಕ್ತೀನಿ. ಹೊಡೆಯಲ್ಲ ಕಣೋ, ಬರೀ ಕೂತ್ಕೋತೀನಿ. ಖಾಲಿ ಕೋವಿ ಹಿಡ್ಕೊಂಡು ಕೂತ್ರೆ ದೊಣ್ಣೆ ಹಿಡ್ಕೊಂಡ ಮುದುಕನ ಥರ ಆಗುತ್ತೆ" ಅಂದ. ನಲವತ್ತು ವರ್ಷ ಬೇಟೆಯಾಡಿದವನು ನನ್ನೆದುರು ಕೈ ಚಾಚಿ ನಿಂತಿದ್ದ. ನಿನಗೆ ಕೊಟ್ಟ ಮಾತು ನೆನಪಿತ್ತು. ಮೂರು ಗುಂಡು ಕೊಟ್ಟೆ.

ಬೆಳಗ್ಗೆ ಒಂದೇ ಸದ್ದು ಕೇಳಿತು. ಓಡಿದೆ. ಭಾವ ಬಿದ್ದಿದ್ದರು. ಮಂಜಿನ ಆಚೆಯಿಂದ ಅಪ್ಪ ಕೂಗುತ್ತಿದ್ದ. "ಬಿತ್ತೇನೋ? ಎಷ್ಟು ಕವಲಿನ ಕೋಡೋ?" ಅಂತ. ಅಕ್ಕ, ಆ ಖುಷಿಯ ದನಿ ಈಗಲೂ ನನ್ನ ಕಿವಿಯಲ್ಲಿದೆ. ಅದಕ್ಕೆ ಏನು ಉತ್ತರ ಹೇಳಲಿ? "ನನ್ನಿಂದ ಭಾವನಿಗೆ ಪೆಟ್ಟಾಯ್ತಪ್ಪ" ಅಂತ ಕೂಗಿದೆ. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಅವನು ನಂಬಿದ ಅಂದುಕೊಂಡೆ. ಕಣ್ಣು ಕಾಣದಿದ್ದರೇನು, ಕಿವಿ ಇತ್ತಲ್ಲ. ಆ ಕಾಡಿನಲ್ಲಿ ಆ ಹೊತ್ತು ಹಾರಿದ್ದು ಒಂದೇ ಗುಂಡು ಅಂತ ಅವನಿಗೆ ತಿಳಿಯದೆ ಇರುತ್ತದೆಯೇ? ನಾನು ಊರಿಗೆ ಬರದೆ ಉಳಿದದ್ದು ಅವನ ಎದುರು ಕೂತರೆ ಬಾಯಿ ಬಿಟ್ಟೇನು ಅಂತ. ಅವನು ನನ್ನ ಅಂಗಿ ಸವರಿ ಅತ್ತದ್ದು ಯಾಕೆ ಅಂತ ಈಗ ಗೊತ್ತಾಯಿತು.

ಇನ್ನೊಂದಿದೆ. ಇದನ್ನು ನಾನೂ ಭಾವನೂ ಸಾಯುವವರೆಗೆ ಹೇಳಬಾರದು ಅಂತಲೇ ಇದ್ದೆವು ಅಂತ ಕಾಣುತ್ತದೆ, ಅವರೂ ನಿನಗೆ ಹೇಳಿಲ್ಲ. ಒಂದು ಎಳೆಯೂ ಬಿಡಬೇಡ ಅಂದೆ, ಅದಕ್ಕೆ ಬರೆಯುತ್ತೇನೆ. ಭಾವ ಕೈ ಬೀಸಿದಾಗ ಕೈಯಲ್ಲಿ ಕರವಸ್ತ್ರವಿತ್ತು. ಬಿಳಿಯದು. ಮೂಲೆಯಲ್ಲಿ ನಿನ್ನ ಕಸೂತಿ. ಬೆದರಿದ ಜಿಂಕೆ ಬಾಲ ಎತ್ತಿ ಓಡುವಾಗ ಕಾಡಿನಲ್ಲಿ ಕಾಣುವುದು ಅದೇ ಬಿಳುಪು, ಅದೇ ಎತ್ತರ. ಮಸುಕು ಕಣ್ಣಿಗೆ ಬೇರೇನು ಕಂಡೀತು? ಜನ ಬರುವ ಮೊದಲೇ ಅದನ್ನು ಭಾವನ ಕೈಯಿಂದ ಬಿಡಿಸಿ ಜೇಬಿಗೆ ಹಾಕಿಕೊಂಡೆ. ಇನ್ನೂ ನನ್ನ ಹತ್ತಿರ ಇದೆ.

ನೀನು ಕೇಳಿದೆ, ಬರೆದೆ. ಈಗ ನಿನ್ನ ಇಷ್ಟ.

ಸುಲೊ


ಪೆಲ್ಟೊಲಾ
5 ನವೆಂಬರ್ 1963

ತಮ್ಮಾ,

ಕಾಗದ ಓದಿ ಮೂರು ದಿನ ಹಸು ಕರೆದದ್ದು ಬಿಟ್ಟರೆ ಬೇರೆ ಕೆಲಸ ಮಾಡಲಿಲ್ಲ.

ಕರವಸ್ತ್ರ ನಾನೇ ಕೊಟ್ಟದ್ದು. ಆ ವರ್ಷ ಬೀಟ್‌ರೂಟ್ ಕೊಳೆತು ಹೋಗಿ ನಾಲ್ಕೇ ಅದ್ದಿದ್ದೆ. ಅವು ಒದ್ದೆಯಿದ್ದವು. ವಿಲ್ಹೊಗೆ ನೆಗಡಿ. ಒಂದು ದಿನಕ್ಕೇನಾಗುತ್ತೆ ಅಂತ ಬಿಳಿಯದಕ್ಕೆ ಇಸ್ತ್ರಿ ಹಾಕಿ ಜೇಬಿಗೆ ತುರುಕಿದೆ. ವಿಲ್ಹೊನನ್ನು ಕೇಳಿದೆ. "ಅದೊಂದು ನಿಂಗೆ ತಿಳೀಬಾರ್ದು ಅಂತಲೇ ಕಣೇ ಕೊಟ್ಟಿಗೆಗೆ ಓಡ್ತಿದ್ದೆ. ಕೂತ್ರೆ ನೀನು ಕೆದಕ್ತಿದ್ದೆ, ನಂಗೆ ಸುಳ್ಳು ಬರಲ್ಲ" ಅಂದ. ಅವನ ಮರದ ಕಾಲಿನ ಮೇಲೆ ತಲೆಯಿಟ್ಟು ಅತ್ತೆ. ಅವನೂ ಅತ್ತ. ಹಸುಗಳು ನೋಡಿದವು.

ನೀನು ಗುಂಡು ಕೊಟ್ಟೆ, ನಾನು ಬಿಳಿ ಬಟ್ಟೆ ಕೊಟ್ಟೆ. ಇಬ್ಬರೂ ಪ್ರೀತಿಗೇ ಕೊಟ್ಟದ್ದು. ಅದಕ್ಕೆ ಯಾರನ್ನು ಬೈಯಲಿ? ಅದು ತಿಳಿಯದೆ ಆದದ್ದು. ಆದರೆ ಒಂಬತ್ತು ವರ್ಷ ನಾನು ನಿನಗೆ ಗುರಿ ಇಟ್ಟು ಕೂತದ್ದು ತಿಳಿದೇ. ಆರು ಕಾಗದಕ್ಕೆ ಉತ್ತರ ಕೊಡಲಿಲ್ಲ. ನಿನ್ನನ್ನು ಜಗಲಿಯಲ್ಲಿ ಕೂರಿಸಿ ಪರದೆ ಹಿಂದೆ ನಿಂತೆ. ಅಪ್ಪನ ಮಣ್ಣಿಗೂ ಕರೆಯಲಿಲ್ಲ. ಅದನ್ನು ಈಗ ತಿದ್ದಲಾಗದು. ಸುಲೊ, ನನ್ನನ್ನು ಕ್ಷಮಿಸು.

ಕಟ್ಟಳೆ ಕಟ್ಟಳೆಯೇ. ಹೆಂಗಸರ ಬಟ್ಟೆ ಆ ಗೋಡೆಯ ಮೇಲೆ ಇದುವರೆಗೆ ಏರಿಲ್ಲ, ಈಗ ಏರುತ್ತದೆ. ಚರ್ಚಿಗೆ ಹಾಕುವ ನನ್ನ ನೀಲಿ ರವಿಕೆಯ ಹಿಂಭಾಗ ಕತ್ತರಿಸಿದ್ದೇನೆ. ಅದನ್ನು ಈ ಕಾಗದದೊಳಗೆ ಮಡಚಿಟ್ಟಿದ್ದೇನೆ, ನೋಡು. ಶಾಯಿಯಲ್ಲಿ ಬರೆದಿದ್ದೇನೆ, ಅಳಿಸಿಹೋಗದು:

ಹಿಲ್ಯಾ. 1954ರಿಂದ 1963. ಜಿಂಕೆಯಲ್ಲ, ತಮ್ಮ.

ನೀನೇ ತಂದು, ನೀನೇ ಮೊಳೆ ಹೊಡೆಯಬೇಕು, ಅಪ್ಪನದರ ಪಕ್ಕದಲ್ಲಿ. ಅಪ್ಪನದನ್ನು ಇನ್ನು ಯಾರ ಕೆಳಗೂ ಮುಚ್ಚಿಡುವುದಿಲ್ಲ. ಮಾಡು ಸರಿಯಾಗಿದೆ, ಹೊಸ ಹಲಗೆ ಹಾಕಿದ್ದಾನೆ ವಿಲ್ಹೊ.

ಈ ಸಲ ಕೋವಿ ತಾ. ಇರೆನಾಳನ್ನು ಕರೆದುಕೊಂಡು ಬಾ. ಮೇಜಿನಲ್ಲಿ ನಾಲ್ಕು ತಟ್ಟೆ. ಬೀಟ್‌ರೂಟ್ ಈ ವರ್ಷ ಚೆನ್ನಾಗಿ ಬಂದಿದೆ, ಹನ್ನೆರಡು ಕರವಸ್ತ್ರ ಅದ್ದಿ ತಂತಿಗೆ ಹಾಕಿದ್ದೇನೆ. ನೀನು ಬರುವವರೆಗೆ ತೆಗೆಯುವುದಿಲ್ಲ, ಹಿಮ ಬಿದ್ದರೂ ಸರಿ. ತಿರುವಿನಿಂದ ಕಾಣುತ್ತದೆ.

ನಿನ್ನ ಅಕ್ಕ


(ಸೇತುವೆಯ ಚಿತ್ರವಿರುವ ಅಂಚೆ ಕಾರ್ಡು)
ಜಲಸಂಧಿಯ ದಕ್ಷಿಣ ದಡ
13 ನವೆಂಬರ್ 1963

ಅಕ್ಕ,

ಗಾಳಿ ಇಲ್ಲ. ಸೇತುವೆ ತೆರೆದಿದೆ. ಇರೆನಾ ಕೆಳಗಿನ ನೀರು ನೋಡುವುದಿಲ್ಲ ಅಂತ ಈಗಲೇ ಕಣ್ಣು ಮುಚ್ಚಿಕೊಂಡು ಕೂತಿದ್ದಾಳೆ. ಈ ಕಾರ್ಡಿಗಿಂತ ಮೊದಲು ನಾವೇ ಬಂದೇವು.

ನೀನು ಕಳಿಸಿದ್ದು ಎದೆಯ ಜೇಬಿನಲ್ಲಿದೆ. ಮೊಳೆ ಎರಡು ತಂದಿದ್ದೇನೆ, ಒಂದು ನಿನ್ನದಕ್ಕೆ, ಒಂದು ನನ್ನದಕ್ಕೆ. ಮೂರು ಗುಂಡು ಕೊಟ್ಟವನು ನಾನು. ನನ್ನ ಅಂಗಿ ಇನ್ನೂ ಪೂರಾ ಇದೆ. ಕತ್ತರಿ ಮಸೆದಿಟ್ಟಿರು.

ಸುಲೊ